ಹೊಗಳುವ ಹಾಡು, ಕೇಳುವ ಹಾಡು

ಕಳೆದ ನವೆಂಬರಿನಲ್ಲಿ ನಮ್ಮ ಕಾಲೇಜಿನ ರಾಜ್ಯೋತ್ಸವಕ್ಕೆ ಹಾಡುಗಳನ್ನು ಆರಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಕನ್ನಡದ ಅಧ್ಯಾಪಕನಿಗೆ ವರ್ಷಕ್ಕೊಮ್ಮೆ ತಪ್ಪದೆ ಬರುವ ಹೊಣೆ ಅದು. ವಿದ್ಯಾರ್ಥಿಗಳು ಏಳು ಹಾಡುಗಳ ಪಟ್ಟಿಯೊಂದನ್ನು ತಂದು ಮೇಜಿನ ಮೇಲಿಟ್ಟರು. ಮೊದಲ ಆರಕ್ಕೆ ನಾನು ತಲೆದೂಗಿದೆ. ಏಳನೆಯದು ಸಿದ್ದಲಿಂಗಯ್ಯನವರದು, ೧೯೪೭ರ ಸ್ವಾತಂತ್ರ್ಯ ಯಾರಿಗೆ ದಕ್ಕಿತೆಂದು ವಿಚಾರಿಸುವ ಹಾಡು. "ಇದು ಹಬ್ಬದ ದಿನ. ಇದನ್ನು ಇನ್ನೊಂದು ದಿನ ಹಾಡೋಣ" ಎಂದೆ. ಪಟ್ಟಿ ತಂದಿದ್ದ ಹುಡುಗಿ, "ಯಾವ ದಿನ ಸಾರ್?" ಎಂದು ಕೇಳಿದಳು. ಆ ಮಾತಿನಲ್ಲಿ ಉದ್ಧಟತನವಿರಲಿಲ್ಲ. ದಿನ ಗೊತ್ತಾದರೆ ಬರೆದುಕೊಳ್ಳುವವಳಂತೆ ಲೇಖನಿ ಹಿಡಿದೇ ನಿಂತಿದ್ದಳು. ನನ್ನಲ್ಲಿ ಉತ್ತರವಿರಲಿಲ್ಲ. ಆರು ಹಾಡುಗಳಿಂದ ಉತ್ಸವ ಚೆನ್ನಾಗಿಯೇ ನಡೆಯಿತು.

ರಾಜಕೀಯದ ಹಾಡಿಗೆ ಈಗಿನ ಜನಪ್ರಿಯ ಸಂಗೀತದಲ್ಲಿ ಎಡೆಯುಂಟೇ ಎಂಬ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಹಿರಿಯರು ಸಾಮಾನ್ಯವಾಗಿ ಇಲ್ಲವೆನ್ನುತ್ತಾರೆ. ಹಿಂದೆ ಹಾಡಿನಲ್ಲಿ ಕಿಚ್ಚಿತ್ತು, ಈಗಿನವರಿಗೆ ಕುಣಿತವೊಂದು ಸಿಕ್ಕರೆ ಸಾಕು ಎಂಬುದು ಅವರ ದೂರು. ನಾನೂ ತರಗತಿಯಲ್ಲಿ ಹಾಗೆ ಹೇಳಿದವನೇ. ಆದರೆ ಕಿಚ್ಚಿನ ಹಾಡೊಂದು ನನ್ನ ಮೇಜಿನ ತನಕ ಬಂದು, ನನ್ನ ಕೈಯಿಂದಲೇ ಹಿಂದಿರುಗಿದ ಮೇಲೆ, ಈ ದೂರನ್ನು ಚರಿತ್ರೆಯ ಬೆಳಕಿನಲ್ಲಿ ಒಮ್ಮೆ ಪರೀಕ್ಷಿಸಿ ನೋಡಬೇಕೆನಿಸಿತು. ಹಾಡುವವರು ಇಲ್ಲವಾದರೋ, ಹಾಡಿಸುವವರು ಬಾಗಿಲು ಮುಚ್ಚಿದರೋ? ಇವೆರಡೂ ಒಂದೇ ಅಲ್ಲ.

ಕನ್ನಡದ ಮಟ್ಟಿಗೆ ಈ ವಿಚಾರವನ್ನು ಲಾವಣಿಯಿಂದ ಆರಂಭಿಸುವುದು ಯೋಗ್ಯ. ಹಲಗಲಿ ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿ, ಮುಧೋಳದ ಸೀಮೆಯಲ್ಲಿರುವ ಊರು. ೧೮೫೭ರಲ್ಲಿ ಜನರು ಸರ್ಕಾರದ ಅಪ್ಪಣೆಯಿಲ್ಲದೆ ಆಯುಧ ಇಟ್ಟುಕೊಳ್ಳಕೂಡದೆಂಬ ಕಾನೂನು ಬಂದಾಗ, ಬೇಟೆಯೇ ಬದುಕಾಗಿದ್ದ ಅಲ್ಲಿಯ ಬೇಡರು ಅದನ್ನು ಒಪ್ಪಲಿಲ್ಲ. ಬ್ರಿಟಿಷರ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು, ಮುಂದಾಳುಗಳು ಗಲ್ಲಿಗೇರಿದರು. ಈ ಘಟನೆಯ ಮೇಲೆ ಹುಟ್ಟಿದ ಲಾವಣಿಯನ್ನು ಇಂದಿಗೂ ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಆ ಲಾವಣಿಯಲ್ಲಿ ನನ್ನ ಮನಸ್ಸನ್ನು ಹೆಚ್ಚು ತಟ್ಟುವುದು ಕಾಳಗದ ವರ್ಣನೆಯಲ್ಲ. ಲೂಟಿಯಾದ ವಸ್ತುಗಳ ಪಟ್ಟಿ. ಕೊಡಲಿಯಿಂದ ಹಿಡಿದು ಉಪ್ಪು, ಎಣ್ಣೆ, ಜೀರಿಗೆಯವರೆಗೆ ಏನೇನು ಹೋಯಿತೆಂದು ಲಾವಣಿಕಾರ ಎಣಿಸಿ ಹೇಳುತ್ತಾನೆ. ಸರ್ಕಾರದ ದಫ್ತರದಲ್ಲಿ ದಂಗೆಯ ಲೆಕ್ಕವಿದ್ದೀತು, ಗಲ್ಲಿಗೇರಿದವರ ಲೆಕ್ಕವೂ ಇದ್ದೀತು. ಜೀರಿಗೆಯ ಲೆಕ್ಕವಿಟ್ಟದ್ದು ಹಾಡು. ಹೆಂಗಸರು ಅಡುಗೆಮನೆಯಲ್ಲಿ ಕಳೆದುಕೊಂಡದ್ದನ್ನು ಮರೆಯಗೊಡದೆ ಉಳಿಸಿದ್ದು ಅದು.

ಇಂಥ ಲಾವಣಿಗಳು ನಮಗೆ ದಕ್ಕಿದ ಬಗೆಯಲ್ಲಿ ಒಂದು ವಿನೋದವಿದೆ. ೧೮೮೦ರ ದಶಕದಲ್ಲಿ ಇವುಗಳಲ್ಲಿ ಕೆಲವನ್ನು ಸಂಗ್ರಹಿಸಿ, ಇಂಗ್ಲಿಷ್ ಅನುವಾದದೊಡನೆ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವರು ಜೆ. ಎಫ್. ಫ್ಲೀಟ್, ಎಂದರೆ ಬ್ರಿಟಿಷ್ ಸರ್ಕಾರದ ಒಬ್ಬ ಅಧಿಕಾರಿ. ಶಾಸನಗಳ ವಿದ್ವಾಂಸರಾದ ಅವರು ತಮ್ಮದೇ ಸರ್ಕಾರದ ಮೇಲೆ ಕಟ್ಟಿದ ಹಾಡುಗಳನ್ನು ಶಾಸನದಷ್ಟೇ ಶ್ರದ್ಧೆಯಿಂದ ಬರೆದುಕೊಂಡರು. ಅವರ ಸಂಗ್ರಹದಲ್ಲಿ ವರಮಾನ ತೆರಿಗೆ ಹೇರಿದ್ದನ್ನು ಕುರಿತ ಲಾವಣಿಯೂ ಸೇರಿದೆ. ತೆರಿಗೆಯನ್ನು ಕುರಿತು ಹಾಡು ಕಟ್ಟುವುದು ಎಂದರೆ ಇಂದು ನಮಗೆ ನಗು ಬರುತ್ತದೆ. ಅಂದಿನವರಿಗೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಜಾತ್ರೆಯಲ್ಲಿ ನೆರೆದ ಜನರಿಗೆ ಪ್ರೇಮದ ಹಾಡು ಹೇಗೆ ಬೇಕಿತ್ತೋ ಹಾಗೆಯೇ ತೆರಿಗೆಯ ಹಾಡೂ ಬೇಕಿತ್ತು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ ಲಾವಣಿಯೇ ಅಂದಿನ ಜನಪ್ರಿಯ ಸಂಗೀತವಾಗಿತ್ತು. ರಾಜಕೀಯದ ಹಾಡಿಗೆ ಬೇರೆ ವೇದಿಕೆಯಿರಲಿಲ್ಲ, ಬೇರೆ ಶ್ರೋತೃಗಳಿರಲಿಲ್ಲ. ಗೀಗೀ ಮೇಳದಲ್ಲಿ ಮುಂದಿನವನು ಡಪ್ಪು ಬಾರಿಸುತ್ತ ಸೊಲ್ಲು ಎತ್ತುತ್ತಾನೆ. ಹಿಂದಿನವರು ತುಂತುಣಿಯ ನಾದದೊಡನೆ ಅದನ್ನು ಎತ್ತಿಕೊಂಡು ಹಾಡುತ್ತಾರೆ. ಕೇಳುವವರ ಬಾಯಿಗೂ ಪಲ್ಲವಿ ಬೇಗನೆ ಬಂದುಬಿಡುತ್ತದೆ. ಮೇಳಕ್ಕೆ ಸಂಭಾವನೆ ಕೊಡುವವರು ಅದೇ ಊರಿನವರು. ಅವರಿಗೆ ಒಪ್ಪಿಗೆಯಾದರೆ ತೀರಿತು, ಮತ್ತಾರ ಒಪ್ಪಿಗೆಯೂ ಬೇಡ. ಮುಂದೆ ಸ್ವಾತಂತ್ರ್ಯದ ಚಳವಳಿ ಉತ್ತರ ಕರ್ನಾಟಕದ ಹಳ್ಳಿಗಳನ್ನು ಮುಟ್ಟಿದಾಗ ಗೀಗೀ ಮೇಳಗಳು ಗಾಂಧಿ, ಖಾದಿ, ಉಪ್ಪುಗಳನ್ನು ಹಾಡಿದ್ದು ಇದೇ ಜಾಡಿನಲ್ಲಿ. ಮಟ್ಟು ಹಳೆಯದು, ಮಾತು ಹೊಸದು.

ಈಗ ಬೆಳಗಾವಿಗೆ ಬರೋಣ. ೧೯೨೪ರ ಡಿಸೆಂಬರಿನಲ್ಲಿ ಅಲ್ಲಿ ಕಾಂಗ್ರೆಸ್ ಮಹಾಸಭೆಯ ಅಧಿವೇಶನ ನಡೆಯಿತು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಗದಗಿನ ವಕೀಲರಾದ ಹುಯಿಲಗೋಳ ನಾರಾಯಣರಾಯರು ರಚಿಸಿದ, ಕನ್ನಡ ನಾಡು ಉದಯಿಸಲೆಂದು ಹಾರೈಸುವ ಗೀತೆಯನ್ನು ಅಲ್ಲಿ ಹಾಡಿದರು. ಇಂದು ನಮಗೆ ಆ ಗೀತೆ ಮಂಗಳಕರವಾದ ಪ್ರಾರ್ಥನೆಯಂತೆ ಕೇಳಿಸುತ್ತದೆ. ಅಂದು ಅದು ಬೇಡಿಕೆಯಾಗಿತ್ತೆಂಬುದನ್ನು ಮರೆಯಬಾರದು. ಮುಂಬಯಿ ಮತ್ತು ಮದರಾಸು ಪ್ರಾಂತಗಳಲ್ಲಿ, ಮೈಸೂರು ಮತ್ತು ಹೈದರಾಬಾದು ಸಂಸ್ಥಾನಗಳಲ್ಲಿ, ಕೊಡಗಿನಲ್ಲಿ ಹಂಚಿಹೋಗಿದ್ದ ಕನ್ನಡಿಗರು, ಇನ್ನೂ ಇಲ್ಲದ ನಾಡೊಂದನ್ನು ಕೊಡಿರೆಂದು ಕೇಳಿದ ಹಾಡು ಅದು. ಅದೇ ಬೆಳಗಾವಿಯಲ್ಲಿ, ಅದೇ ವರ್ಷ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲನೆಯ ಕರ್ನಾಟಕ ಏಕೀಕರಣ ಪರಿಷತ್ತೂ ಸೇರಿತು.

ಆ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಗಂಗೂಬಾಯಿ ಹಾನಗಲ್ ಒಬ್ಬರು. ಆಗ ಅವರಿಗೆ ಹನ್ನೊಂದು ವರ್ಷ. ಅಂದಿನ ಸಮಾಜ ಕೀಳೆಂದು ಎಣಿಸುತ್ತಿದ್ದ ಮನೆತನ ಅವರದು. ಊಟವಾದ ಮೇಲೆ ಆ ಸ್ಥಳವನ್ನು ಚೊಕ್ಕಟ ಮಾಡಲು ತಮಗೆ ಹೇಳಿಯಾರೇನೋ ಎಂಬ ಅಂಜಿಕೆ ಆ ದಿನ ತಮ್ಮ ಮನಸ್ಸಿನಲ್ಲಿ ತುಂಬಿತ್ತೆಂದು ಅವರು ಮುಂದೆ ನೆನೆದುಕೊಂಡಿದ್ದಾರೆ. ಈ ಚಿತ್ರವನ್ನು ನಾನು ಮನಸ್ಸಿನಿಂದ ತೆಗೆದುಹಾಕಲಾರೆ. ಗಾಂಧೀಜಿ ಕುಳಿತಿದ್ದಾರೆ, ನಾಡು ಒಂದಾಗಲೆಂಬ ಹಾರೈಕೆ ಚಪ್ಪರವನ್ನೆಲ್ಲ ತುಂಬಿದೆ, ಹಾಡುತ್ತಿರುವ ಮಗುವಿನ ಕೊರಳು ಇಂಪಾಗಿದೆ, ಆ ಕೊರಳ ಕೆಳಗೆ ಎಂಜಲೆಲೆಯ ಅಂಜಿಕೆ ಇದೆ. ಬಾಯಲ್ಲಿ ಒಂದು ಹಾಡು, ಎದೆಯಲ್ಲಿ ಒಂದು ಪ್ರಶ್ನೆ. ಆ ಪ್ರಶ್ನೆಗೆ ಅಂದು ಹಾಡು ಇರಲಿಲ್ಲ. ಕನ್ನಡದಲ್ಲಿ ಅದಕ್ಕೆ ಹಾಡು ಹುಟ್ಟಿ ಊರೂರು ತಿರುಗಲು ಇನ್ನೂ ಐವತ್ತು ವರ್ಷ ಬೇಕಾಯಿತು.

ಹುಯಿಲಗೋಳರ ಹಾರೈಕೆ ೧೯೫೬ರ ನವೆಂಬರ್ ೧ರಂದು ಕೈಗೂಡಿತು. ಅದನ್ನು ಕಾಣುವ ಭಾಗ್ಯ ಕವಿಗೂ ಇತ್ತು. ೧೯೭೩ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರೂ ಬಂತು. ಬೇಡಿಕೆ ಈಡೇರಿದ ಮೇಲೆ ಬೇಡಿಕೆಯ ಹಾಡು ಏನಾಗುತ್ತದೆ? ಅದು ಹೊಗಳಿಕೆಯ ಹಾಡಾಗುತ್ತದೆ. ಸೇವೆಯಿಂದ ನಿವೃತ್ತನಾದ ಸಿಪಾಯಿಗೆ ಪಿಂಚಣಿಯೂ ಸಭೆಯಲ್ಲಿ ಮುಂದಿನ ಕುರ್ಚಿಯೂ ದೊರೆಯುವಂತೆ ಅದಕ್ಕೂ ದೊರೆಯುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಗೆದ್ದ ಹಾಡಿಗೆ ಸಲ್ಲಬೇಕಾದ ಗೌರವವೇ ಅದು. ನಾಡನ್ನು ಹೊಗಳುವುದು ನಮಗೆ ಸಹಜವಾದ ಸಂತೋಷ. ೧೯೭೮ರಲ್ಲಿ ಬಂದ 'ನಿತ್ಯೋತ್ಸವ' ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ. ನಿಸಾರ್ ಅಹಮದರ ಆ ಹೆಸರಿನ ಕವಿತೆಯೂ ನಾಡಿನ ಗುಣಗಾನವೇ. ೧೯೭೩ರ 'ಗಂಧದ ಗುಡಿ'ಯಿಂದ ೧೯೯೩ರ 'ಆಕಸ್ಮಿಕ'ದವರೆಗೆ ರಾಜಕುಮಾರರ ಚಿತ್ರಗಳಲ್ಲಿ ನಾಡು ನುಡಿಗಳನ್ನು ಕೊಂಡಾಡುವ ಹಾಡುಗಳು ಮನೆಮಾತಾದವು. ಅವಿಲ್ಲದೆ ಇಂದು ಒಂದು ರಾಜ್ಯೋತ್ಸವವೂ ನಡೆಯದು. ನನ್ನ ಪಟ್ಟಿಯ ಆರು ಹಾಡುಗಳೂ ಈ ಬಳಗಕ್ಕೆ ಸೇರಿದವು. ಇವು ರಾಜಕೀಯವಲ್ಲವೆಂದು ಯಾರೂ ಹೇಳಲಾಗದು. ನಾಡೆಂದರೇನು, ನಾವು ಯಾರು ಎಂಬುದಕ್ಕಿಂತ ದೊಡ್ಡ ರಾಜಕೀಯ ಯಾವುದಿದೆ? ಆದ್ದರಿಂದ ಜನಪ್ರಿಯ ಸಂಗೀತದಲ್ಲಿ ರಾಜಕೀಯಕ್ಕೆ ಎಡೆಯಿಲ್ಲವೆಂಬ ಮಾತು ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತದೆ. ಎಡೆ ಧಾರಾಳವಾಗಿದೆ, ಆದರೆ ಒಂದು ಬಗೆಯ ಹಾಡಿಗೆ ಮಾತ್ರ.

ಪಿಂಚಣಿ ಪಡೆದ ಹಾಡಿನ ಮುಂದಿನ ಜೀವನ ಹೇಗಿರುತ್ತದೆಂಬುದಕ್ಕೆ ನಾಡಗೀತೆಯ ಕಥೆಯೇ ನಿದರ್ಶನ. ಕುವೆಂಪು ಅವರ ಗೀತೆಯನ್ನು ೨೦೦೪ರಲ್ಲಿ ರಾಜ್ಯದ ನಾಡಗೀತೆಯೆಂದು ಘೋಷಿಸಲಾಯಿತು. ಆಮೇಲೆ ಬಹುಕಾಲ ನಡೆದದ್ದು ಅದರ ಅರ್ಥದ ಚರ್ಚೆಯಲ್ಲ. ಯಾವ ಧಾಟಿಯಲ್ಲಿ ಹಾಡಬೇಕು, ಎಷ್ಟು ಹೊತ್ತು ಹಾಡಬೇಕು ಎಂಬ ಚರ್ಚೆ. ಕೊನೆಗೆ ೨೦೨೨ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡು ನಿಮಿಷ ಮೂವತ್ತು ಸೆಕೆಂಡುಗಳಲ್ಲಿ ಹಾಡತಕ್ಕದ್ದೆಂದು ಸರ್ಕಾರ ಗೊತ್ತುಮಾಡಿತು. ಆ ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಸಕಲ ಮತಗಳನ್ನೂ ಒಂದೇ ತೋಟದಲ್ಲಿ ಕಂಡ ಕವಿಯ ಹಾಡನ್ನು ನಾವು ಗಡಿಯಾರ ಹಿಡಿದು ಅಳೆದೆವು. ಎದ್ದು ನಿಂತು ಹಾಡುವ ಹಾಡಿನ ಕಷ್ಟವೇ ಇದು. ನಿಂತವರಿಗೆ ಕಾಲಿನ ಮೇಲೆ ಗಮನ, ಮಾತಿನ ಮೇಲಲ್ಲ.

ಇನ್ನು ಎರಡನೆಯ ಬಗೆ. ೧೯೭೦ರ ದಶಕದಲ್ಲಿ ದಲಿತ ಚಳವಳಿ ಕನ್ನಡ ನಾಡಿನಲ್ಲಿ ತಲೆಯೆತ್ತಿದಾಗ ಅದರ ಕೈಯಲ್ಲಿ ಪತ್ರಿಕೆಗಳಿರಲಿಲ್ಲ, ಹಣವಿರಲಿಲ್ಲ. ಹಾಡು ಇತ್ತು. ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ೧೯೭೫ರಲ್ಲಿ ಅಚ್ಚಾಯಿತು. ಕವಿಗೆ ಆಗ ಇಪ್ಪತ್ತೊಂದು ವರ್ಷ. ಅಲ್ಲಿಯ ಹಾಡುಗಳನ್ನು ಪುಸ್ತಕದಲ್ಲಿ ಓದಿದವರಿಗಿಂತ ಕೇರಿಗಳಲ್ಲಿ ಕೇಳಿದವರು ಹೆಚ್ಚು. ಓದು ಬಾರದವರೂ ಅವನ್ನು ಬಾಯಲ್ಲಿ ಹೊತ್ತು ಒಯ್ದರು. ಮೈಸೂರಿನ ಜನಾರ್ದನ್ (ಜನ್ನಿ) ಅವರಂಥ ಗಾಯಕರು ಸಭೆಗಳಲ್ಲಿ, ಬೀದಿಗಳಲ್ಲಿ ಅವನ್ನು ಹಾಡಿ ಹಬ್ಬಿಸಿದರು. ೧೯೭೯ರಲ್ಲಿ 'ಸಮುದಾಯ' ತಂಡ ರಾಜ್ಯದಲ್ಲೆಲ್ಲ ನಡೆಸಿದ ಜಾಥಾದಲ್ಲಿಯೂ ಬೀದಿ ನಾಟಕದೊಡನೆ ಹಾಡು ಹೆಜ್ಜೆ ಹಾಕಿತು. ತಮಟೆಯ ಪೆಟ್ಟಿಗೆ ಒಬ್ಬ ಸೊಲ್ಲೆತ್ತುವುದು, ಉಳಿದವರು ಎತ್ತಿಕೊಳ್ಳುವುದು: ಹಳೆಯ ಮೇಳದ ರೀತಿಯೇ ಮರಳಿ ಬಂದಿತ್ತು. ಬೆಳಗಾವಿಯ ಚಪ್ಪರದಲ್ಲಿ ಮಗುವೊಂದು ನುಂಗಿಕೊಂಡ ಪ್ರಶ್ನೆಗೆ ಕಡೆಗೂ ಒಂದು ಪಲ್ಲವಿ ಸಿಕ್ಕಿತು.

ಜನರ ಬಾಯಲ್ಲಿದ್ದ ಮೇಲೆ ಅದು ಜನಪ್ರಿಯವೇ ಸರಿ. ಆದರೂ ಧ್ವನಿಸುರುಳಿಯ ಅಂಗಡಿಯಲ್ಲಿ, ಬೆಳ್ಳಿತೆರೆಯಲ್ಲಿ ಅದಕ್ಕೆ ಏನು ದೊರೆಯಿತು? ೧೯೮೩ರಲ್ಲಿ ಪುಟ್ಟಣ್ಣ ಕಣಗಾಲರು 'ಧರಣಿ ಮಂಡಲ ಮಧ್ಯದೊಳಗೆ' ಚಿತ್ರಕ್ಕೆ ಸಿದ್ದಲಿಂಗಯ್ಯನವರ ಗೀತೆಯೊಂದನ್ನು ಬಳಸಿಕೊಂಡರು. ಅದು ಪ್ರೇಮಗೀತೆ, ಬಹಳ ಸೊಗಸಾದ ಗೀತೆ. ನಾನು ಅದನ್ನು ಹಳಿಯುತ್ತಿಲ್ಲ; ಕ್ರಾಂತಿಯ ಕವಿಗೆ ಪ್ರೇಮ ನಿಷಿದ್ಧವೆ? ನಾನು ಹೇಳುವುದಿಷ್ಟೆ: ಕವಿ ಒಬ್ಬನೇ, ಹಾಡುಗಳು ಎರಡು. ಒಂದಕ್ಕೆ ಬಾಗಿಲು ತೆರೆಯಿತು, ಇನ್ನೊಂದು ಬೀದಿಯಲ್ಲೇ ಉಳಿಯಿತು. ಮುಂದೆ ಕವಿ ವಿಧಾನ ಪರಿಷತ್ತಿನ ಸದಸ್ಯರಾದರು. ೨೦೨೧ರಲ್ಲಿ ಅವರು ತೀರಿಕೊಂಡ ಬಳಿಕ, ೨೦೨೨ರಲ್ಲಿ, ಪದ್ಮಶ್ರೀ ಪ್ರಶಸ್ತಿಯೂ ಸಂದಿತು. ಕವಿಗೆ ಸಂದ ಮನ್ನಣೆ ಹಾಡಿಗೆ ಸಲ್ಲಲಿಲ್ಲ. ನನ್ನ ಮೇಜಿನ ಮೇಲೆಯೇ ಸಲ್ಲಲಿಲ್ಲ.

ರೈತನ ವಿಷಯದಲ್ಲಿಯೂ ಹೀಗೆಯೇ. ಮಲಪ್ರಭೆಯ ಅಚ್ಚುಕಟ್ಟಿನಲ್ಲಿ ಹೇರಿದ ಅಭಿವೃದ್ಧಿ ಕರವನ್ನು ಪ್ರತಿಭಟಿಸಿ ೧೯೮೦ರ ಜುಲೈಯಲ್ಲಿ ನರಗುಂದ, ನವಲಗುಂದಗಳ ರೈತರು ಬೀದಿಗಿಳಿದರು. ಪೋಲೀಸರ ಗುಂಡಿಗೆ ರೈತರು ಬಲಿಯಾದರು. ಮೂರು ವರ್ಷಗಳ ತರುವಾಯ, ೧೯೮೩ರಲ್ಲಿ, 'ಕಾಮನ ಬಿಲ್ಲು' ಚಿತ್ರದಲ್ಲಿ ಕುವೆಂಪು ಅವರ 'ನೇಗಿಲಯೋಗಿ'ಯನ್ನು ಸಿ. ಅಶ್ವತ್ಥ್ ಹಾಡಿದರು. ಆ ಹಾಡಿನ ಘನತೆಗೆ ಸಾಟಿಯಿಲ್ಲ. ಉಳುವವನನ್ನು ಯೋಗಿಯೆಂದು ಕರೆದ ಕವಿಗೆ ರೈತಕುಲವೆಲ್ಲ ಋಣಿ. ಆದರೆ ಯೋಗಿ ಏನನ್ನೂ ಬೇಡುವುದಿಲ್ಲ. ನರಗುಂದದ ರೈತ ಬೇಡಿದ್ದ. ಒಂದೂವರೆ ಶತಮಾನದಷ್ಟು ಹಿಂದೆ ಮುಗಿದ ಜಗಳವಾದರೆ ನಮ್ಮ ಚಿತ್ರಗಳಿಗೆ ಅಡ್ಡಿಯಿಲ್ಲ. ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನನ್ನು ೨೦೧೨ರಲ್ಲಿ ತೆರೆಯ ಮೇಲೆ ಕಂಡು ಚಿತ್ರಮಂದಿರಗಳಲ್ಲಿ ಶಿಳ್ಳೆ ಹೊಡೆದೆವು. ಎದುರಾಳಿ ಊರು ಬಿಟ್ಟು ಹೋದ ಮೇಲೆ ಹಾಡು ಹಗುರವಾಗುತ್ತದೆ.

ಇದಕ್ಕೆ ಹಾಡುಗಾರರ ಅಂಜುಬುರುಕುತನವೊಂದೇ ಕಾರಣವೆನ್ನುವುದು ಅನ್ಯಾಯ. ಕನ್ನಡದಲ್ಲಿ ಬಹುಕಾಲ ಜನಪ್ರಿಯ ಸಂಗೀತವೆಂದರೆ ಚಲನಚಿತ್ರದ ಸಂಗೀತವೇ ಆಗಿತ್ತು. ಚಿತ್ರದ ಹಾಡಿಗೆ ಕಥೆಯ ಸಂದರ್ಭ ಬೇಕು, ನಿರ್ಮಾಪಕನ ಹಣ ಬೇಕು, ೧೯೫೨ರ ಕಾಯಿದೆಯಂತೆ ಪ್ರಮಾಣಪತ್ರ ಬೇಕು. ಇಷ್ಟು ಹೊಸ್ತಿಲುಗಳನ್ನು ದಾಟುವಷ್ಟರಲ್ಲಿ ಯಾರಿಗೂ ನೋವಾಗದ ಹಾಡು ಮಾತ್ರ ಉಳಿಯುತ್ತದೆ. ಲಾವಣಿಕಾರನಿಗೆ ಇದ್ದದ್ದು ಒಂದೇ ಹೊಸ್ತಿಲು, ಕೇಳುವ ಜನ.

ಹೊಸ್ತಿಲು ಕಡಮೆಯಾದೆಡೆ ಏನಾಗುತ್ತದೆಂಬುದನ್ನು ನಮ್ಮ ಕಾಲದಲ್ಲಿಯೇ ಕಂಡಿದ್ದೇವೆ. ಪಂಜಾಬಿನ ಜನಪ್ರಿಯ ಗಾಯಕರು ಚಲನಚಿತ್ರವನ್ನು ನೆಚ್ಚಿಕೊಂಡವರಲ್ಲ. ತಮ್ಮ ಹಾಡನ್ನು ತಾವೇ ಹೊರತರುವವರು ಅವರಲ್ಲಿ ಬಹಳ. ೨೦೨೦ರ ಕೊನೆಯಿಂದ ಒಂದು ವರ್ಷದ ಮೇಲೆ ದೆಹಲಿಯ ಗಡಿಯಲ್ಲಿ ರೈತರು ಕುಳಿತಾಗ ಮದುವೆಮನೆಯ ಕುಣಿತಕ್ಕೆ ಹಾಡುತ್ತಿದ್ದ ಕೊರಳುಗಳೇ ಅವರ ಪರವಾಗಿ ಹಾಡಿದವು. ಟ್ರ್ಯಾಕ್ಟರುಗಳ ಮೇಲೆ ಆ ಹಾಡುಗಳು ಮೊಳಗಿದವು. ಕನ್ವರ್ ಗ್ರೆವಾಲರು ಆ ಸಂದರ್ಭದಲ್ಲಿ ಹಾಡಿದ 'ಐಲಾನ್' ೨೦೨೧ರ ಫೆಬ್ರವರಿಯಲ್ಲಿ ಯೂಟ್ಯೂಬಿನಿಂದ ಮಾಯವಾಯಿತು. ಎಡೆಯೇ ಇಲ್ಲದ ಹಾಡನ್ನು ಯಾರೂ ತೆಗೆದುಹಾಕುವ ಶ್ರಮ ಪಡುವುದಿಲ್ಲ. ನೆರೆಯ ಚೆನ್ನೈಯಲ್ಲಿ ೨೦೧೮ರಲ್ಲಿ ಪಾ. ರಂಜಿತ್ ಅವರ ಮುಂದಾಳುತನದಲ್ಲಿ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ಎಂಬ ತಂಡ ರಂಗಕ್ಕೆ ಬಂತು. ಸಾವಿನ ಮನೆಯ ಮುಂದೆ ಹಾಡುವ ಗಾನಾ ಎಂಬ ಅಲ್ಲಿಯ ಬೀದಿಯ ಹಾಡನ್ನು ಗಿಟಾರಿನೊಡನೆ, ರ‍್ಯಾಪಿನೊಡನೆ ಬೆರೆಸಿ ಜಾತಿಯ ಪ್ರಶ್ನೆಯನ್ನು ಎತ್ತಿತು. ಅದನ್ನು ಕೇಳಿ ತಲೆದೂಗಿದವರು ನಾನು ತರಗತಿಯಲ್ಲಿ ಹಳಿಯುತ್ತಿದ್ದ ಈ ತಲೆಮಾರಿನ ತರುಣರೇ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಇಂಥ ಹಾಡುಗಳಲ್ಲಿ ಘೋಷಣೆ ಹೆಚ್ಚು, ಕಾವ್ಯ ಕಡಮೆ. ಕಾರಣ ತೀರಿದ ಮೇಲೆ ಅವು ಸಾಯುತ್ತವೆ ಎಂದು ವಿಮರ್ಶಕರು ಹೇಳುವುದುಂಟು. ನಿಜ, ಬಹುಪಾಲು ಸಾಯುತ್ತವೆ. ಪ್ರೇಮಗೀತೆಗಳಲ್ಲಿಯೂ ಬಹುಪಾಲು ಸಾಯುತ್ತವೆ. ಅದಕ್ಕಾಗಿ ಯಾರೂ ಪ್ರೇಮವನ್ನು ಆಕ್ಷೇಪಿಸಿಲ್ಲ. ಹಲಗಲಿಯ ಲಾವಣಿ ಉಳಿದದ್ದು ಘೋಷಣೆಯ ಬಲದಿಂದಲ್ಲ, ಜೀರಿಗೆಯ ಬಲದಿಂದ. ಯಾವ ಹಾಡು ಏನನ್ನು ಕಳೆದುಕೊಂಡೆವೆಂದು ಹೆಸರು ಹಿಡಿದು ಹೇಳುತ್ತದೆಯೋ ಅದು ಕಾರಣ ತೀರಿದ ಮೇಲೆಯೂ ಬಾಳುತ್ತದೆ.

ಕನ್ನಡದಲ್ಲಿ 'ಕೇಳು' ಎಂಬ ಧಾತುವಿಗೆ ಪ್ರಶ್ನಿಸು ಎಂದೂ ಅರ್ಥ, ಆಲಿಸು ಎಂದೂ ಅರ್ಥ. ವ್ಯಾಕರಣದ ಪಾಠದಲ್ಲಿ ನಾನು ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಇದರಲ್ಲಿ ಒಂದು ನೀತಿಯೂ ಅಡಗಿದೆಯೆಂದು ಹೊಳೆದದ್ದು ಈಚೆಗೆ. ಕೇಳುವವನಿಗೆ ಕೇಳುವವನು ಬೇಕು. ಹೊಗಳುವ ಹಾಡಿಗೆ ಚಪ್ಪಾಳೆ ಸಾಕು, ಅದು ತನ್ನಷ್ಟಕ್ಕೆ ಪೂರ್ಣ. ಕೇಳುವ ಹಾಡು ಅರ್ಧ ಮಾತ್ರ. ಉಳಿದ ಅರ್ಧ ಎದುರಿಗೆ ಕುಳಿತವನ ಬಳಿ ಇರುತ್ತದೆ. ಅವನು ಕಿವಿ ಮುಚ್ಚಿಕೊಂಡು, ಹಾಡೇ ಸತ್ತಿದೆಯೆಂದು ದೂರಿದರೆ ತಪ್ಪು ಹಾಡಿನದಲ್ಲ.

ಆದ್ದರಿಂದ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ರಾಜಕೀಯದ ಹಾಡು ಜನಪ್ರಿಯ ಸಂಗೀತವನ್ನು ಎಂದೂ ಬಿಟ್ಟುಹೋಗಿಲ್ಲ. ಜಗಳ ತೀರಿದ ಹಾಡು ಒಳಗಿನ ಚಾವಡಿಯಲ್ಲಿ ಕುಳಿತಿದೆ. ಜಗಳ ತೀರದ ಹಾಡು ಹೊಸ್ತಿಲಿನ ಹೊರಗೆ ನಿಂತಿದೆ. ಯಾವ ಹಾಡನ್ನು ಹೊರಗೆ ನಿಲ್ಲಿಸಿದ್ದೇವೆಂದು ನೋಡಿದರೆ ನಮ್ಮ ಯಾವ ಜಗಳ ಇನ್ನೂ ತೀರಿಲ್ಲವೆಂಬುದು ತಿಳಿಯುತ್ತದೆ. ಹುಯಿಲಗೋಳರ ಹಾಡೂ ಒಮ್ಮೆ ಹೊರಗೆ ನಿಂತಿದ್ದ ಹಾಡೇ. ನಾನು ತಡೆದ ಹಾಡು ಮುಂದೊಂದು ದಿನ ಯಾರೂ ತಡೆಯದ, ಎಲ್ಲರೂ ಎದ್ದು ನಿಂತು ಹಾಡುವ ಹಾಡಾದರೆ, ಆ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ತಿಳಿಯಬೇಕು. ಅಂದು ಅದು ಸ್ವಲ್ಪ ಬೇಸರ ತರಿಸಿದರೂ ನನಗೆ ದುಃಖವಿಲ್ಲ.

ಅಲ್ಲಿಯವರೆಗೆ, "ಯಾವ ದಿನ?" ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನು. ಆ ಹುಡುಗಿ ಈಗ ಕೊನೆಯ ವರ್ಷದ ತರಗತಿಯಲ್ಲಿದ್ದಾಳೆ. ಬರುವ ನವೆಂಬರಿನ ಪಟ್ಟಿಯನ್ನು ಈ ಸಲ ನಾನೇ ಮೊದಲು ಬರೆದು ಅವಳ ಕೈಗೆ ಕೊಟ್ಟಿದ್ದೇನೆ. ಅದರಲ್ಲಿ ಆ ಹಾಡು ಏಳನೆಯದಲ್ಲ, ಮೊದಲನೆಯದು.